ಕೈ ಮೂಸಿ ಒಳಗೆ ಬಿಡುತ್ತಿದ್ದವಳು

ಮೊನ್ನೆ ಕೊಳ್ಳೇಗಾಲದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು ಬಿಚ್ಚಿದರು. ಸುಣ್ಣ ಸವರಿದ ಎಲೆಯ ಮೇಲೆ ಒಂದು ಚೂರು ಹೊಗೆಸೊಪ್ಪು ಇಟ್ಟು, ಮಡಿಸಿ, ದವಡೆಗೆ ಸೇರಿಸಿಕೊಂಡು, ನಿಮಗೂ ಬೇಕೇನು ಎಂಬಂತೆ ನನ್ನ ಮುಖ ನೋಡಿದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಾಯಲ್ಲಿ ನೀರೂರಿ ಹೊಟ್ಟೆ ತೊಳೆಸಿತು. ಎಷ್ಟೋ ವರ್ಷಗಳ ಹಿಂದಿನ ವಾಕರಿಕೆ ಅದು... ಅದರ ಬೆನ್ನಿಗೇ ಮುಳ್ಳೂರಿನ ಎದುರು ಮನೆ ದೊಡ್ಡವ್ವ ನೆನಪಾದಳು.

ನಾನು ಅಜ್ಜೀಪುರದ ಹುಡುಗಿ. ತಾಯಿಯಿಲ್ಲದವಳು. ನಮ್ಮ ಸೀಮೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ನಾಲ್ಕೈದು ವರ್ಷಕ್ಕೆ ಮದುವೆಯಾಗಿ ಮುಳ್ಳೂರಿಗೆ ಬಂದೆ. ರಾಜ್ಯ ಬದಲಾಗಿತ್ತು, ಹೊಗೆಸೊಪ್ಪಿನ ವ್ಯಾಪಾರಿಗಳು ಬದಲಾಗಿರಲಿಲ್ಲ. ಮೊದಲಿನ ಹಾಗೇ ಸತ್ಯಮಂಗಲದ ಕಡೆಯಿಂದ ಲಾರಿ ತಂದು, ತಮಿಳು ಬೆರೆಸಿದ ಕನ್ನಡದಲ್ಲಿ ಚೌಕಾಸಿ ಮಾಡಿ ಕೊಂಡೊಯ್ಯುತ್ತಿದ್ದರು. ಒಳ್ಳೆ ಬೆಲೆ ಸಿಗುತ್ತಿದ್ದುದರಿಂದ ವರ್ಷದಿಂದ ವರ್ಷಕ್ಕೆ ರಾಗಿ, ಜೋಳದ ಹೊಲಗಳೆಲ್ಲ ಹೊಗೆಸೊಪ್ಪಾಗುತ್ತಿದ್ದವು. ನಮ್ಮ ಮಾವನ ಬಾವಿಯ ನೀರು ಕುಡಿಯಲಾರದಷ್ಟು ಸೌಳು. ಹೊಗೆಸೊಪ್ಪಿಗೆ ಮಾತ್ರ ಅಂಥ ನೀರೇ ಬೇಕಂತೆ, ಸೊಪ್ಪಿಗೆ ಖಾರ ಬರುತ್ತದಂತೆ. ಹಾಗಾಗಿ ನಮ್ಮ ಮನೆಯಲ್ಲಿ ಬೇರೆ ಬೆಳೆಯ ಮಾತೇ ಇರಲಿಲ್ಲ.

ಬೆಳಗಿನ ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿಯಬೇಕು. ಗಿಡದ ತಲೆ ಮುರಿಯುವುದು, ಎಲೆಯ ಕಂಕುಳಲ್ಲಿ ಒಡೆದ ಕುಡಿ ಚಿವುಟುವುದು ಹೆಂಗಸರ ಕೆಲಸ. ಎದೆಮಟ್ಟದ ಒದ್ದೆ ಎಲೆಗಳ ನಡುವೆ ನುಗ್ಗಿ ಬರುವಷ್ಟರಲ್ಲಿ ಸೀರೆಯೆಲ್ಲ ತೊಯ್ದು ಮೈಗೆ ಅಂಟಿಕೊಳ್ಳುತ್ತಿತ್ತು. ಕೈಯ ಅಂಟು ಕಪ್ಪಾಗಿ, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೆಲಸಕ್ಕೆ ಹೋದ ಮೂರನೆಯ ದಿನವೇ ನನಗೆ ತಲೆ ಸುತ್ತಿ ವಾಂತಿಯಾಯಿತು. ಮರುದಿನವೂ ಆಯಿತು. ನಮ್ಮತ್ತೆಯ ಮುಖ ಅರಳಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಗಾದೆ ಇದೆಯಲ್ಲ, ನಮ್ಮತ್ತೆ ನಿಜವಾಗಿಯೂ ಹಳೇ ರೇಷ್ಮೆ ರವಿಕೆ ಕಣದಲ್ಲಿ ಒಂದು ಕುಲಾವಿ ಹೊಲಿದರು. ಯಜಮಾನರು ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ಮಲ್ಲಿಗೆ ತರತೊಡಗಿದರು. ಬಸಿರಲ್ಲ ಎಂದು ನನಗೂ ಗೊತ್ತಿರಲಿಲ್ಲ, ಮುಟ್ಟು ಮೊದಲಿಂದಲೂ ಏರುಪೇರು. ಹೇಳಿಕೊಳ್ಳಲು ತಾಯಿಯೂ ಇರಲಿಲ್ಲ. ಸೊಪ್ಪಿನ ಕೆಲಸ ಮುಗಿಯಿತು, ವಾಂತಿ ನಿಂತಿತು, ನಾನು ಹೊರಗಾದೆ. ಕುಲಾವಿ ಪೆಟ್ಟಿಗೆಯ ತಳ ಸೇರಿತು. ಮುಂದಿನ ವರ್ಷವೂ ಇದೇ ಕತೆ. ಅಷ್ಟರಲ್ಲಿ ನನಗೆ 'ಬಸುರು ನಿಲ್ಲದವಳು' ಎಂಬ ಹೆಸರು ಬಿದ್ದಿತ್ತು. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ನಡುಮನೆಯಲ್ಲಿ, ನನಗೆ ಕೇಳುವ ಹಾಗೆಯೇ ನಡೆಯುತ್ತಿತ್ತು. ಯಜಮಾನರು ಹೂಂ ಎನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅಮ್ಮನೆದುರು ಅವರು ಯಾವತ್ತೂ ಹಾಗೆಯೇ.

ಎರಡನೆಯ ವರ್ಷ ಒಂದು ಬೆಳಿಗ್ಗೆ ಬದುವಿನ ಮೇಲೆ ಕೂತು ಕಾರಿಕೊಳ್ಳುತ್ತಿದ್ದಾಗ ದೊಡ್ಡವ್ವ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಆ ದಾರಿಯಲ್ಲಿ ಬಂದಳು. ಗಂಡ ತೀರಿದವಳು, ಮಕ್ಕಳಿಲ್ಲ. ತಮ್ಮನ ಸಂಸಾರದ ಜೊತೆ ಇದ್ದುಕೊಂಡು ರೇಷ್ಮೆಹುಳ ಸಾಕುತ್ತಿದ್ದಳು. ಹೊರೆ ಇಳಿಸಿ, ಬೆನ್ನು ಸವರಿ, ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು ಮೂಸಿದಳು. "ಮನೇಲಿ ಕೂತಾಗ ಇಂಗಾಯ್ತದಾ?" ಎಂದಳು. ಇಲ್ಲ ಎಂದೆ. "ಒಲಕ್ಕೆ ಬಂದಾಗ್ಲೇಯಾ?" ಹೌದು ಎಂದೆ. ಹೊರೆ ಎತ್ತಿಕೊಂಡು ಹೋದಳು.

ಅಂದೇ ಸಂಜೆ ನಮ್ಮ ಜಗಲಿಗೆ ಬಂದು ಅತ್ತೆಯ ಮುಂದೆ ಕೂತಳು.

"ನಿನ್ ಸೊಸೇಗೆ ಬಸ್ರು ನಿಂತೂ ಇಲ್ಲ, ಓಗೂ ಇಲ್ಲ ಕನವ್ವ. ಒಗೆಸೊಪ್ಪು ತಲೆಗೇರದೆ, ಅಷ್ಟೇಯ. ನಮ್ ಉಳಕ್ಕೂ ಇಂಗೇ ಆಯ್ತದೆ. ಸೊಪ್ಪು ಮುಟ್ಟಿದ್ ಕೈಲಿ ಮೇವಾಕುದ್ರೆ ತಲೆ ಎತ್ಕಂಡು ಬಾಯಲ್ಲಿ ನೀರು ಕಾರ್ತವೆ."

"ನಾನೂ ಚಿಕ್ಕೋಳಾಗಿದ್ದಾಗಿಂದ ಇದೇ ಗೇಮೆ ಮಾಡಿವ್ನಿ ಅಕ್ಕ, ನಂಗ್ಯಾಕಾಗಿಲ್ಲ?"

"ನೀನು ಮೂರೊತ್ತೂ ಬಾಯಲ್ಲಿ ಇಕ್ಕಂಡಿದ್ದೀಯೆ. ನಿನ್ ಮೈ ಅದಕ್ಕೆ ಒಗ್ಗೋಗದೆ. ಇವ್ಳಿಗೆ ಒಸ್ದು."

ಅತ್ತೆ ಹಿತ್ತಿಲ ಕಡೆ ಹೋಗಿ ಉಗುಳಿ ಬಂದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ದೊಡ್ಡವ್ವ ವಾದ ಬೆಳೆಸುವ ಪೈಕಿ ಆಗಿರಲಿಲ್ಲ. ಹುಳದ ಮನೆಗೆ ಒಂದು ಆಳು ಕಮ್ಮಿ ಇದೆ, ಸೊಸೆಯನ್ನು ನನಗೆ ಬಿಡು, ಬದಲಿಗೆ ನಿಮ್ಮ ಬಾವಿಯ ಕಪಿಲೆಗೆ ನಮ್ಮ ಎತ್ತು ಕಟ್ಟಿಕೊಳ್ಳಿ ಎಂದಳು. ನೀರೆತ್ತಲು ಎತ್ತಿಲ್ಲದೆ ಒದ್ದಾಡುತ್ತಿದ್ದ ಮಾವ ಒಳಗಿನಿಂದಲೇ ಒಪ್ಪಿಗೆ ಕೊಟ್ಟರು. ಹೀಗೆ ಒಂದು ಜೊತೆ ಎತ್ತಿಗೆ ಸಮನಾಗಿ ನಾನು ಎದುರು ಮನೆಯ ಕೆಲಸಕ್ಕೆ ಸೇರಿದೆ. ಸೊಸೆಗೆ ಅಷ್ಟು ಬೆಲೆ ಬಂದದ್ದು ಆ ಬೀದಿಯಲ್ಲಿ ಅದೇ ಮೊದಲಿರಬೇಕು.

ಹುಳದ ಮನೆಯ ಬಾಗಿಲಲ್ಲಿ ದೊಡ್ಡವ್ವನ ಕಾವಲು. ಯಾರೇ ಬರಲಿ, ಕೈ ಚಾಚಬೇಕು, ಅವಳು ಮೂಸಬೇಕು. ಹೊಗೆಸೊಪ್ಪಿನ ವಾಸನೆಯಿದ್ದರೆ ಸ್ವಂತ ತಮ್ಮನಿಗೂ ಪ್ರವೇಶವಿಲ್ಲ. ಒಮ್ಮೆ ಬೀಡಿ ಸೇದಿ ಬಂದ ನಮ್ಮ ಮಾವನನ್ನೇ ಹೊಸ್ತಿಲಲ್ಲಿ ತಡೆದು, "ಅಲ್ಲೇ ನಿಂತ್ಕಳಿ ಗೌಡ್ರೇ, ಉಳ ನಿಮ್ಗಿಂತ ಮರ್ವಾದಸ್ತರು" ಎಂದಿದ್ದಳು. ನಾನು ಹೊಗೆಸೊಪ್ಪಿನ ಹೊಲದ ಕಡೆ ತಲೆ ಹಾಕುವಂತೆಯೇ ಇರಲಿಲ್ಲ. ಸೊಪ್ಪು ಕತ್ತರಿಸುವುದು, ಹುಳದ ತಟ್ಟೆ ಬಳಿಯುವುದು, ಪೊರೆ ಬಿಡುವ ಮೊದಲು ಹುಳ ಜ್ವರಕ್ಕೆ ಕೂತಾಗ ಮೇವು ನಿಲ್ಲಿಸುವುದು ಎಲ್ಲ ಕಲಿತೆ. ಹುಳ ಹಣ್ಣಾಗಿ ಗೂಡು ಕಟ್ಟಲು ಬಂದ ದಿನವಂತೂ ಮದುವೆ ಮನೆಯ ಗದ್ದಲ. ಬೀದಿಯವರೆಲ್ಲ ಬಂದು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ನನ್ನ ಮೈಯಲ್ಲಿ ರಕ್ತ ತುಂಬಿತು. ಯಾರೋ ನನ್ನನ್ನು ಕಾಯುತ್ತಿದ್ದಾರೆ ಎಂಬ ನೆಮ್ಮದಿ, ನಾನು ಹುಟ್ಟಿದ ಮೇಲೆ ಮೊದಲ ಸಲ, ಸಿಕ್ಕಿತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಮೇವು ಹಾಕುತ್ತಿದ್ದಾಗಲೇ ಹೊಟ್ಟೆ ತೊಳೆಸಿತು. ಓಡಿ ಹೊರಗೆ ಬಂದು ಕಾರಿಕೊಂಡೆ. ನನಗೆ ಭಯ. ಮತ್ತೆ ಸುಳ್ಳು ಬಸಿರು, ಮತ್ತೆ ಆ ಮಾತುಗಳು... ದೊಡ್ಡವ್ವ ಹಿಂದೆಯೇ ಬಂದು ನನ್ನ ಎರಡೂ ಕೈ ಹಿಡಿದು ಮೂಸಿದಳು. ಸೆರಗು ಮೂಸಿದಳು. ತಲೆಗೂದಲನ್ನೂ ಮೂಸಿದಳು. ಆಮೇಲೆ ನನ್ನ ಕೆನ್ನೆ ಹಿಡಿದು, "ಬರೀ ಇಪ್ನೇಳೆ ಸೊಪ್ಪಿನ ವಾಸ್ನೆ ಕನ ಮಗ. ಈ ಸಲ ಕೂಸೇಯ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನಂತೂ ಅವಳ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಅಷ್ಟು ಹತ್ತಿರ ಇದ್ದೂ ಅವಳ ಬಾಯಿಯ ಸಂಗತಿ ನನಗೆ ಗೊತ್ತಾದದ್ದು ತಡವಾಗಿ. ಬಿಸಿ ಮುಟ್ಟುತ್ತಿರಲಿಲ್ಲ, ಖಾರ ಬಿಟ್ಟಿದ್ದಳು, ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಕೇಳಿದರೆ ಉಷ್ಣ ಎನ್ನುತ್ತಿದ್ದಳು. ಹುಳ ಸಾಕಲು ಶುರುಮಾಡುವ ಮೊದಲು, ಚಿಕ್ಕಂದಿನಿಂದಲೂ ಅವಳು ಹೊಗೆಸೊಪ್ಪು ಹಾಕುತ್ತಿದ್ದವಳೇ ಅಂತೆ. ಹುಳಕ್ಕೋಸ್ಕರ ಬಿಟ್ಟಿದ್ದಳು. ಅವಳು ಬಿಟ್ಟರೂ ಅದು ಅವಳನ್ನು ಬಿಡಲಿಲ್ಲ. ಅವಳ ತಮ್ಮ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ಬಾಯಿಯ ಹುಣ್ಣು ಕ್ಯಾನ್ಸರು, ಕಾಲ ಮೀರಿದೆ ಎಂದರಂತೆ ಡಾಕ್ಟರು. ಬಂದವಳು ನನಗೆ ಹೇಳಿದ್ದು ಇಷ್ಟೇ: "ಉಳಕ್ಕಾಗ್ದೇ ಇರೋದು ಮನ್ಸಂಗೆ ಆದಾತಾ ಅಂತ ನಂಗೆ ಮೊದ್ಲೇ ಒಳೀನಿಲ್ವಲ್ಲ ಮಗ."

ತವರಿನಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಹೆರಿಗೆ ಮುಳ್ಳೂರಿನಲ್ಲೇ ಆಯಿತು. ಹೆಣ್ಣುಮಗು. ದೊಡ್ಡವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಮಗುವನ್ನು ಎತ್ತಿಕೊಂಡು ಹೋಗಿ ಅವಳಿಗೆ ತೋರಿಸಿ ಬಂದ ಅತ್ತೆ, ಅಂದಿನಿಂದ ತಮ್ಮ ಎಲೆಅಡಿಕೆ ಚೀಲ ಬಿಚ್ಚಿದ್ದನ್ನು ನಾನು ಕಾಣಲಿಲ್ಲ. ಹೊಲದಲ್ಲಿ ಹೊಗೆಸೊಪ್ಪು ನಿಲ್ಲಲು ಮಾತ್ರ ಇನ್ನೂ ಹಲವು ವರ್ಷ ಬೇಕಾಯಿತು. ಬೆಲೆ ಚೆನ್ನಾಗಿತ್ತಲ್ಲ.

ಬಾಣಂತನದ ಕೋಣೆಯಲ್ಲಿ ಮಲಗಿದ್ದ ಒಂದು ಮಧ್ಯಾಹ್ನ ಎದುರು ಮನೆಯಲ್ಲಿ ಜನ ಸೇರಿದ ಸದ್ದು ಕೇಳಿಸಿತು. ಏನತ್ತೆ ಅಂದೆ. ಅವರು ಕಿಟಕಿಯ ಬಾಗಿಲು ಮುಂದೆ ಮಾಡುತ್ತ, "ಉಳ ಅಣ್ಣಾಗವೆ ಕನವ್ವ. ಚಂದ್ರಿಕೆಗೆ ಬುಡಾಕೆ ಜನ ಬಂದವ್ರೆ. ನೀ ಮಲೀಕೋ" ಎಂದರು.

ನನಗೆ ನಿಜ ಹೇಳಿದ್ದು ಮಗುವಿಗೆ ಮೂರು ತಿಂಗಳಾದ ಮೇಲೆ. ಹಸಿ ಬಾಣಂತಿ, ಎದೆ ಒಡೆದುಕೊಂಡರೆ ಹಾಲು ಬತ್ತುತ್ತದೆ, ತಾನು ತೀರಿಕೊಂಡ ದಿನ ಯಾರೂ ಬಾಯಿ ಬಿಟ್ಟು ಅಳಕೂಡದು ಎಂದು ದೊಡ್ಡವ್ವನೇ ತಮ್ಮನಿಂದ, ಬೀದಿಯ ಹೆಂಗಸರಿಂದ ಮಾತು ತೆಗೆದುಕೊಂಡಿದ್ದಳಂತೆ. ಯಾರೂ ಮಾತಿಗೆ ತಪ್ಪಲಿಲ್ಲ.

ಆ ಮಗಳಿಗೆ ಈಗ ಮೊಮ್ಮಗನಿದ್ದಾನೆ. ದೊಡ್ಡವ್ವನ ವಯಸ್ಸನ್ನು ದಾಟಿ ನಾನು ಎಷ್ಟೋ ವರ್ಷ ಬದುಕಿದ್ದೇನೆ. ಅವಳು ಕೊಟ್ಟದ್ದಕ್ಕೆ ಕೈಮುಗಿಯುತ್ತೇನೆ, ಆದರೆ ಕೊನೆಯ ಸಲ ಮುಖ ನೋಡಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಅವಳನ್ನು ಹೊರಗೆ ತರುವಾಗ ಬೀದಿಗೆ ಬೀದಿಯೇ ಬಾಯಿಗೆ ಸೆರಗೊತ್ತಿಕೊಂಡು ನಿಂತಿತ್ತಂತೆ. ಆ ಹೊತ್ತಿನಲ್ಲಿ ನಾನು, ದೊಡ್ಡವ್ವನ ಬೆಳೆ ಚೆನ್ನಾಗಿ ಬಂತಲ್ಲ ಎಂದು ಹಿಗ್ಗಿ, ಮಗುವನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದೆ.