ಹುಳವಿಲ್ಲದ ಗೋಡು

ಮಳೆನೀರು ಕೆರೆಗೆ ಇಳಿದ ಮೇಲೆ, ಮೀನುಮರಿ ಬಿಡುವ ಮುನ್ನ, ತಿಪ್ಪಕ್ಕ ಮೊಳಕಾಲುದ್ದ ನೀರಿನಲ್ಲಿ ನಿಂತು ತಳದ ಗೋಡು ಮಣ್ಣನ್ನು ಬಾಚಿ ಜರಡಿಯಲ್ಲಿ ತೊಳೆಯುತ್ತಾರೆ. ಮಾಡದಕೆರೆ ಹೋಬಳಿಯ ಈ ಸಣ್ಣ ಕೆರೆಯನ್ನು ಗುತ್ತಿಗೆಗೆ ಹಿಡಿದು ಮೀನು ಸಾಕುವ ಮಹಿಳಾ ಸಂಘಕ್ಕೆ ಅವರೇ ಮುಂದಾಳು. ಜರಡಿಯಲ್ಲಿ ದಾರದೆಳೆಯಂಥ ಕೆಂಪು ಹುಳ ಹೊರಳಾಡಿದರೆ ಮರಿ ಬಿಡಬಹುದು. ಗೆಂಡೆ ಮೀನು ಕೆಸರು ಕೆದಕಿ ತಿನ್ನುವುದು ಅವನ್ನೇ. ಹೋದ ವರ್ಷ ಹುಳ ಕಾಣಲಿಲ್ಲ. ಆದದ್ದಾಗಲಿ ಎಂದು ಬಿಟ್ಟ ಮರಿಗಳು ತಲೆ ದಪ್ಪ, ಮೈ ಸಣಕಲಾಗಿ ಬಲೆಗೆ ಬಂದವು. ಈ ವರ್ಷವೂ ಜರಡಿಯಲ್ಲಿ ಉಳಿದದ್ದು ಬರೀ ಕಸ. ಹುಳ ಬಾರದಿದ್ದರೆ ಸಂಘ ಕೆರೆ ಬಿಟ್ಟುಕೊಡಬೇಕು.

ಚಿತ್ರದುರ್ಗದಲ್ಲಿ ಸಂಶೋಧನೆ ಮಾಡುವ ಯಮುನಾ ಕೆರೆಯ ನೀರನ್ನೂ ಗೋಡನ್ನೂ ಒಯ್ದು ಪರೀಕ್ಷಿಸಿದ್ದರು. ನೀರಿನಲ್ಲಿ ಏನೂ ಸಿಗಲಿಲ್ಲ. ದಾಳಿಂಬೆಗೆ ಹೊಡೆಯುವ ಔಷಧಿ ಗೋಡಿಗೆ ಅಂಟಿ ಕೂತಿತ್ತು. ಕೆಂಪು ಹುಳವೆಂದರೆ ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಕೀಟದ ಮರಿ. ಆ ಗೋಡಿನಲ್ಲಿ ಅದು ರೆಕ್ಕೆ ಬರುವ ಮೊದಲೇ ಸಾಯುತ್ತದೆ.

ಔಷಧಿ ಕೆರೆಗೆ ಬಂದದ್ದು ಊರಿನ ಎಚ್ಚರಿಕೆಯಿಂದಲೇ. ಹಿಂದೆ ಬೋರ್‌ವೆಲ್ ತೊಟ್ಟಿಯ ಪಕ್ಕ ಔಷಧಿ ಡ್ರಮ್ಮು ತೊಳೆದಾಗ ಕರುವೊಂದು ಸತ್ತಿತ್ತು. ಕುಡಿಯುವ ನೀರಿನ ಹತ್ತಿರ ಬೇಡ, ಕೆರೆಯಲ್ಲಿ ತೊಳೆಯಿರಿ ಎಂದು ಊರು ಕಟ್ಟು ಮಾಡಿತು. ಅಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ತಿಪ್ಪಕ್ಕ.

ಕಳೆದ ವಾರ ದಾಳಿಂಬೆ ಬೆಳೆಯುವ ಅವರ ಅಕ್ಕನ ಮಗ ಜಯಕುಮಾರ್ ಗಾಡಿಯಲ್ಲಿ ಔಷಧಿ ಡ್ರಮ್ಮು ಹೇರಿಕೊಂಡು ತೂಬಿನ ಬಳಿ ಬಂದರು. ತಿಪ್ಪಕ್ಕ ಅಡ್ಡ ನಿಂತರು.

"ಲೇ, ಇಲ್ಲಿ ತೊಳೀಬೇಡ. ನಿನ್ನ ತೋಟದಾಗೆ ಗುಂಡಿ ತೋಡ್ಕ."

"ಕೆರೆಗೆ ಅಟ್ಟಿದ್ದು ನೀನೇ ಅಲ್ವ ಚಿಕ್ಕಮ್ಮ? ಈಗ ಹುಳ ಸತ್ವು ಅಂತ ಅಳ್ತೀಯ. ಹುಳ ಸಾಯ್ಲಿ ಅಂತಾನೇ ಔಷಧಿ ಹೊಡಿಯಾದು!"

"ನಿನ್ನ ಗಿಡದ ಹುಳ ಬೇರೆ, ನನ್ನ ಮೀನಿನ ಹುಳ ಬೇರೆ ಕಣೋ."

"ಅದು ಔಷಧಿಗೆ ಗೊತ್ತಾಗ್ಬೇಕಲ್ಲ."

ತಿಪ್ಪಕ್ಕ ಕದಲಲಿಲ್ಲ. ಜಯಕುಮಾರ್ ಗಾಡಿ ತಿರುಗಿಸಿದರು.

"ಆಯ್ತು, ಗುಂಡಿ ತೋಡ್ತೀನಿ. ಹುಳ ಯಾವಾಗ ಬರ್ತವಂತೆ?"

"ಹಳೇ ಗೋಡಿನ ಮೇಲೆ ಹೊಸ ಗೋಡು ಕೂರ್ಬೇಕಂತೆ. ವರ್ಷಗಟ್ಲೆ ಆಗ್ಬೋದು ಅಂದ್ಳು ಯಮುನಾ."

"ಅಲ್ಲೀಗಂಟ ಏನು ಮಾಡ್ತೀಯ?"

ಸಂಜೆ ತಿಪ್ಪಕ್ಕ ಮೀನುಮರಿ ತರುವ ಗಾಡಿಯವನಿಗೆ ಫೋನ್ ಮಾಡಿ, ಬರಬೇಡ ಎಂದರು. ಸಂಘದ ಹೆಂಗಸರು ಈಗ ಜಯಕುಮಾರ್ ತೋಟದಲ್ಲಿ ದಾಳಿಂಬೆ ಕಾಯಿಗೆ ಹುಳ ಕೊರೆಯದಂತೆ ಕವರ್ ಕಟ್ಟುವ ಕೂಲಿಗೆ ಹೋಗುತ್ತಿದ್ದಾರೆ. ತಿಪ್ಪಕ್ಕನೂ ಹೋಗುತ್ತಾರೆ.