ಮೂರು ಹಿಡಿ ಕೆರೆಮಣ್ಣು

ನಾವೆಲ್ಲ ಅವ್ವ ಎಂದು ಕರೆಯುತ್ತಿದ್ದ ನಮ್ಮ ಮಡಕೆ ಟೀಚರ ಹತ್ತು ಬೆರಳ ತುದಿಗಳೂ ಬೇಯಿಸಿದ ಹಾಗೆ ಬಿಳಿಚಿ ಸುಕ್ಕಾಗಿದ್ದವು. ಊರಲ್ಲಿ ಮಡಕೆ ಕೇಳುವವರಿಲ್ಲದೆ ರಾಮನಗರಕ್ಕೆ ಬಂದು, ಹದಿನೈದು ವರ್ಷ ಫಿಲೇಚರ್ ಕಾರ್ಖಾನೆಯ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆದ ಕೈಗಳು ಅವು. ಮಣ್ಣು ಒರಟೋ ನುಣುಪೋ ಆ ಬೆರಳುಗಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವ್ವ ಮಣ್ಣಿನ ಮುದ್ದೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು.

ನನಗಾಗ ನಲವತ್ಮೂರು, ಗುಮಾಸ್ತೆ ಕೆಲಸ. ಶಾಲೆಯಲ್ಲಿ ನಾನು ಬರೆದ ಮಾವಿನಕಾಯಿಯನ್ನು ಮೇಷ್ಟ್ರು ಬದನೆಕಾಯಿ ಎಂದುಕೊಂಡು ಅಂಕ ಕೊಟ್ಟಿದ್ದರು, ಕಲೆಗೂ ನನಗೂ ಅಷ್ಟೇ ನಂಟು. ಬಿ.ಪಿ. ಏರಿದಾಗ ಡಾಕ್ಟರು ಕೈಗೆ ಏನಾದರೂ ಕೆಲಸ ಕೊಡಿ ಎಂದದ್ದಕ್ಕೆ, ಮುಚ್ಚಿಹೋದ ಫಿಲೇಚರ್ ಶೆಡ್ಡಿನಲ್ಲಿ ಭಾನುವಾರ ನಡೆಯುತ್ತಿದ್ದ ಮಡಕೆ ತರಗತಿಗೆ ಸೇರಿದೆ. "ಮನೇಲಿ ಒಂದು ಲೋಟ ತೊಳೆದವರಲ್ಲ, ಮಡಕೆ ಮಾಡ್ತಾರಂತೆ!" ಎಂದು ಹೆಂಡತಿ ನಕ್ಕಳು.

ನನ್ನ ಮಡಕೆಗಳು ಕುಸಿದು ಸಗಣಿ ಮುದ್ದೆಯಾಗುತ್ತಿದ್ದವು. ಅವ್ವ ಮಡಕೆಯ ಒಳಗೆ ನುಣುಪುಗಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತೋರಿಸುತ್ತಿದ್ದರು. "ಹೊಡೀಬ್ಯಾಡ ಕಣಪ್ಪ, ತಟ್ಟು, ಮಗೀನ ಮಲಗುಸ್ದಂಗೆ. ಒಳಗಿನ ಕೈ ಮೋಸ ಮಾಡುದ್ರೆ ಮಡ್ಕೆ ಒಲೆ ಮ್ಯಾಲೆ ಬಾಯ್ಬುಡ್ತೈತೆ." ಎಂಟು ತಿಂಗಳಿಗೆ ನನ್ನದೊಂದು ಕುಡಿಕೆ ನೆಟ್ಟಗೆ ನಿಂತಿತು. ಅವ್ವ ಅದನ್ನು ಕೆನ್ನೆಗಿಟ್ಟು "ಪಾಸು" ಅಂದರು. ಡಿಗ್ರಿ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ತರಗತಿಗೆ ಮಣ್ಣು ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿತ್ತು. "ಪಾಕೀಟು ಹಾಲಿದ್ದಂಗೈತೆ" ಎಂದು ಅವ್ವ ಮೂಗು ಮುರಿಯುತ್ತಿದ್ದರು. ಅವ್ವನಿಗೆ ಎದೆನೋವು ಕಾಣಿಸಿಕೊಂಡ ವರ್ಷ, ಒಂದು ದಿನ ನನ್ನ ಕೈ ಹಿಡಿದುಕೊಂಡರು. ಬಿಡದಿ ಕಡೆಯ ತಮ್ಮೂರಿಗೆ ಅವರು ಹೋಗಿ ಎಷ್ಟೋ ವರ್ಷವಾಗಿತ್ತು.

"ನಮ್ಮೂರ ಕೆರೆ ಮಣ್ಣು ಒಂದು ಚೀಲ ತಂದ್ಕೊಡಪ್ಪ. ಒಂದು ಮಡ್ಕೆ ಮಾಡ್ಬೇಕು. ಒಸಿ ಮಿಗುಸ್ತೀನಿ, ನಾ ಹೋದ್ಮ್ಯಾಲೆ ಮೂರು ಹಿಡಿ ಗುಂಡಿಗೆ ಹಾಕ್ಬುಡು."

ಬೈಕಿನಲ್ಲಿ ಹೋದೆ. ಕೆರೆ ಇರಲಿಲ್ಲ. ಮಣ್ಣು ಜಲ್ಲಿ ಸುರಿದು ಮಟ್ಟ ಮಾಡಿ, ಸುತ್ತ ಕಾಂಪೌಂಡ್ ಎಬ್ಬಿಸಿದ್ದರು. "ಎಲ್ಲೈತೆ ಸಾ ಕೆರೆ? ಫ್ಯಾಕ್ಟ್ರಿ ಬತ್ತಾ ಐತೆ," ಎಂದು ಕಾವಲಿನವನು ಗೇಟು ಎಳೆದ. ಖಾಲಿ ಚೀಲ ಹಿಡಿದು ಅವ್ವನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಮಾಗಡಿ ರಸ್ತೆಗೆ ತಿರುಗಿ, ಹೆಸರೂ ಗೊತ್ತಿಲ್ಲದ ಯಾವುದೋ ಕೆರೆಯಂಗಳದಲ್ಲಿ ಚೀಲ ತುಂಬಿಕೊಂಡೆ. ಮುದುಕಿಯ ಮನಸ್ಸಿಗೆ ನೆಮ್ಮದಿ ಆದರೆ ಸಾಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅವ್ವ ಆ ಮಣ್ಣನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿಂದಲೇ ನೀರಿಳಿಯಿತು.

"ಮಡ್ಕೆ ತಟ್ಟೋದು ಕಲ್ಸಿದ ನಮ್ಮತ್ತೆ ಕೈ ಇಟ್ಟಂಗೈತೆ ಕಣಪ್ಪ. ಕೆರೇಲಿ ನೀರೈತಾ?"

"ಐತೆ ಕಣವ್ವ," ಅಂದೆ. "ತುಂಬೈತೆ."

ಆ ಮಣ್ಣಿನಲ್ಲಿ ಅವ್ವ ತಟ್ಟಿದ ಮಡಕೆಯೇ ಅವರ ಕೊನೆಯ ಮಡಕೆಯಾಯಿತು. ಅವರನ್ನು ಊರಿಗೆ ಒಯ್ದು ಗಂಡನ ಪಕ್ಕ ಮಣ್ಣು ಮಾಡುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಗುಂಡಿಯ ಬಳಿ ನಿಂತರೆ ಕೆರೆಯಿದ್ದ ಜಾಗದ ಕಾಂಪೌಂಡ್ ಗೋಡೆ ಎದುರಿಗೇ ಕಾಣುತ್ತಿತ್ತು. ಅವ್ವನ ಮಗಳು ಒದ್ದೆ ಬಟ್ಟೆ ಬಿಚ್ಚಿ ಮಣ್ಣಿನ ಮುದ್ದೆ ತೆಗೆದಳು. ಗೋಡೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ನೀವೇ ಹಾಕ್ಬೇಕಂತೆ ಸಾ. ಅವ್ವ ಹೇಳವ್ಳೆ," ಎಂದು ಕೊಟ್ಟಳು. ಈ ಮಣ್ಣು ಎಲ್ಲಿಯದೆಂದು ಕೇಳಿ ಬೈದಿದ್ದರೆ ಚೆನ್ನಾಗಿತ್ತು.

ಎರಡು ಹಿಡಿ ಹಾಕಿದೆ. ಮೂರನೆಯದಕ್ಕೆ ಕೈ ಬರಲಿಲ್ಲ. ಅದೀಗ ಒಣಗಿ, ನನ್ನ ಕುಡಿಕೆಯೊಳಗೆ ಕೂತಿದೆ.

ಮಡಕೆ ಮಾಡುವುದನ್ನು ನಾನು ಬಿಟ್ಟಿಲ್ಲ. ಮಣ್ಣು ಕಲಸಿ ಅಭ್ಯಾಸಬಲದಿಂದ ಕೆನ್ನೆಗಿಟ್ಟಾಗಲೆಲ್ಲ ಕಿವಿಯ ಹತ್ತಿರವೇ ಅವ್ವ ಕೇಳುತ್ತಾರೆ, "ಕೆರೇಲಿ ನೀರೈತಾ?"

ನಾನು ಈಗಲೂ "ಐತೆ ಕಣವ್ವ" ಎಂದೇ ಹೇಳುತ್ತೇನೆ.