ಒಗ್ಗರಣೆ ಹಾಕಬಾರದ ವಾರ

ಆಗೆಲ್ಲ ಚನ್ನರಾಯಪಟ್ಟಣದ ನಮ್ಮ ವಠಾರದಲ್ಲಿ ಯಾರ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೂ ಐದೂ ಮನೆಗಳಲ್ಲಿ ಒಗ್ಗರಣೆ ನಿಂತುಹೋಗುತ್ತಿತ್ತು. ಒಳಗೆ ಯಾರಿಗೋ ‘ಅಮ್ಮ’ ಆಗಿದೆ, ಮೈತುಂಬ ಗುಳ್ಳೆ ಎದ್ದಿವೆ ಎಂದರ್ಥ. ಸಾಸಿವೆ ಸಿಡಿದರೆ ಅಮ್ಮ ಮುನಿಯುತ್ತಾಳೆ, ಕಾಯಿಲೆಯವರಿಗೆ ಜೀವಕ್ಕೇ ಕುತ್ತು ಅನ್ನುತ್ತಿದ್ದರು. ವಠಾರದಲ್ಲಿ ಚರ್ಚಿಗೆ ಹೋಗುವವರು ನಾವೊಬ್ಬರೇ. ಅವ್ವ ಅದನ್ನು ನಂಬುತ್ತಿರಲಿಲ್ಲ, ಆದರೂ ಒಲೆ ಮೇಲೆ ಬಾಣಲಿ ಇಡುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಪಕ್ಕದ ಮನೆ ಲಕ್ಷ್ಮಕ್ಕನಿಗೆ ಅಮ್ಮ ಆಯಿತು. ಗಂಡ ಲಾರಿ ತಗೊಂಡು ದೂರ ಹೋಗಿದ್ದ. ಬೇರೆ ಯಾರೂ ಹೊಸ್ತಿಲು ದಾಟಲಿಲ್ಲ. ಅವ್ವನಿಗೆ ಚಿಕ್ಕಂದಿನಲ್ಲೇ ಆ ಕಾಯಿಲೆ ಬಂದುಹೋಗಿತ್ತು. ಅವಳೊಬ್ಬಳೇ ದಿನಾ ಹೋಗಿ ಗಂಜಿ ಕುಡಿಸಿ, ಬೇವಿನೆಲೆಯಲ್ಲಿ ಮೈ ಸವರಿ ಬರುತ್ತಿದ್ದಳು. ನಮ್ಮಲ್ಲೂ ಆರು ದಿನದಿಂದ ಸಪ್ಪೆ ಬೇಳೆ, ಮೊಸರನ್ನ.

ಭಾನುವಾರ ಚರ್ಚಿನಿಂದ ಬಂದವಳೇ ಅವ್ವ ಲಕ್ಷ್ಮಕ್ಕನ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ನನ್ನ ನಾಲಿಗೆ ಜಡ್ಡುಗಟ್ಟಿತ್ತು. ಬಾಗಿಲು ಹಾಕಿಕೊಂಡು, ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಅನ್ನ ಕಲಸಿ ತಿಂದುಬಿಟ್ಟೆ. ತಟ್ಟೆ ತೊಳೆಯುವಷ್ಟರಲ್ಲಿ ಗೋಡೆಯಾಚೆ ಲಕ್ಷ್ಮಕ್ಕ ಕಿರುಚಿಕೊಂಡಳು.

“ಮೈ ಕೆಂಡ ಆಗ್ಬುಟ್ಟದೆ, ಡಾಕ್ಟ್ರನ್ನ ಕರ್ಕೊಂಡ್ಬನ್ನಿ!” ಅವ್ವ ಕೂಗುತ್ತಿದ್ದಳು. ಮಂಚದ ಕೆಳಗೆ ಸೇರಿಕೊಂಡೆ. ಯೇಸಪ್ಪಾ, ಲಕ್ಷ್ಮಕ್ಕನ್ನ ಸಾಯಿಸಬೇಡ, ತಪ್ಪು ನಂದು ಎಂದು ಬೇಡಿದೆ. ಆಮೇಲೆ ಅವರು ನಂಬುವ ಅಮ್ಮನನ್ನೂ ಬೇಡಿದೆ. ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದಮೇಲೂ ಈಚೆಗೆ ಬರಲು ಧೈರ್ಯ ಬರಲಿಲ್ಲ.

ಸಂಜೆ ಅವ್ವ ಎಳೆದು ಕೂರಿಸಿದಾಗ ಎಲ್ಲ ಒಪ್ಪಿಕೊಂಡೆ.

“ಒಗ್ಗರಣೆಗೆಲ್ಲ ಜ್ವರ ಏರಾಕಿಲ್ಲ ಕಣೇ.”

“ಮತ್ತೆ ನೀನ್ಯಾಕೆ ಆಕಲ್ಲ?”

“ಅವಳು ಎದರ್ಕೊಂಡು ಮಲಗವ್ಳೆ. ಎದರ್ಕೊಂಡಿರೋಳ ಪಕ್ಕದಾಗೆ ಚಟಪಟ ಅನ್ಸುದ್ರೆ ಯೇಸಪ್ಪ ಮೆಚ್ತಾನಾ? ಬಾ, ಅವಳಿಗೆ ನೀನೇ ಯೇಳು.”

ಅವಳ ಮನೆ ಹೊಸ್ತಿಲಾಚೆಯೇ ನಿಂತು ಹೇಳಿದೆ. ಲಕ್ಷ್ಮಕ್ಕನ ಮುಖ ಗುರುತು ಸಿಗದ ಹಾಗೆ ಊದಿತ್ತು. ಅವಳು ನಿಧಾನಕ್ಕೆ ನನ್ನ ಕಡೆ ಹೊರಳಿದಳು.

“ಬೆಳ್ಳುಳ್ಳಿ ಘಮ್ ಅಂತು ಕಣ್ ಮಗ,” ಅಂದಳು. “ಆರು ದಿನದಾಗೆ ಇವತ್ತೇ ಉಣ್ಬೇಕು ಅನ್ಸಿದ್ದು.”

ನಾನು ಬಾಯಿಬಿಟ್ಟು ಅತ್ತೆ. ವಾರ ಕಳೆದ ಮೇಲೆ ಬಾಗಿಲಿನ ಬೇವು ಬಿಚ್ಚಿದರು.

ಈಗ ನಾನು ಹಾಸನದಲ್ಲಿದ್ದೇನೆ. ಹೋದ ವರ್ಷ ಎದುರು ಮನೆ ಹುಡುಗಿಗೆ ಅದೇ ಗುಳ್ಳೆ ಎದ್ದವು. ಚರ್ಚಿನಲ್ಲಿ ಅವಳ ಹೆಸರು ಹೇಳಿ ಪ್ರಾರ್ಥಿಸಿದೆ. ಅವಳ ತಾಯಿಗೆ ಒಂದು ಮೆಸೇಜೂ ಹಾಕಿದೆ. ಅವರ ಬಾಗಿಲು ಮಾತ್ರ ತಟ್ಟಲಿಲ್ಲ; ನನಗಿನ್ನೂ ಆ ಕಾಯಿಲೆ ಬಂದಿರಲಿಲ್ಲ, ಅಂಟೀತೆಂದು ಹೆದರಿದ್ದೆ. ಆ ಭಾನುವಾರ ಮಂಚದ ಕೆಳಗೆ ನಡುಗಿದ್ದು ಲಕ್ಷ್ಮಕ್ಕನಿಗಾಗಿ. ಈ ಸಲ ನಡುಗಿದ್ದು ನನಗಾಗಿ ಮಾತ್ರ.